ಕುಂಬಾರ ಕಪ್ಪೆ

ವಿಜಯಪುರದ ಸುತ್ತಣ ಟಿಕೋಟಾ, ಬಬಲೇಶ್ವರಗಳ ಎರೆಭೂಮಿಯಲ್ಲಿ ಕಪ್ಪೆಯೆಂದರೆ ಬೇಸಗೆಯೆಲ್ಲ ಮಣ್ಣಿನೊಳಗೆ ಹುದುಗಿದ್ದು, ಮೊದಲ ಮಳೆಗೆ ಹೊರಬಂದು ವಟಗುಟ್ಟುವ ಜೀವಿ. ವರ್ಷಕ್ಕೆ ಸುಮಾರು 60 ಸೆಂಟಿಮೀಟರ್ ಮಳೆ ಕಾಣುವ ಆ ಸೀಮೆಯಲ್ಲಿ ಅದಕ್ಕೆ ಮಣ್ಣೇ ಆಶ್ರಯ. ಇದೇ ನಾಡಿನ ಪಶ್ಚಿಮ ಘಟ್ಟದಲ್ಲಿ ಮಣ್ಣನ್ನು ಬೇರೊಂದು ಬಗೆಯಲ್ಲಿ ನೆಚ್ಚಿದ ಕಪ್ಪೆಯೊಂದುಂಟು.

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಹೆಸರಿಗೆ ತಕ್ಕ ಕಾಡು. ಅಲ್ಲಿಯ ಜೌಗು ಜಡ್ಡಿಗಳಲ್ಲಿ ರಾಮಪತ್ರೆಯ ಮರಗಳು ಕೆಸರಿನಿಂದ ಮೊಣಕಾಲಿನಂತೆ ಬೇರುಗಳನ್ನೆತ್ತಿ ನಿಂತಿವೆ. ಆ ತೊರೆಗಳ ಇರುಳ ಸಂಚಾರಿಯಾದ ಈ ಕಪ್ಪೆಯನ್ನು ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದವೆಂದು ವಿವರಿಸಿ, ಅದರ ಶಾಸ್ತ್ರೀಯ ನಾಮದಲ್ಲಿಯೇ ‘ಕುಂಬಾರ’ ಎಂಬ ಕನ್ನಡ ಪದವನ್ನಿರಿಸಿದರು. ಇದಕ್ಕಿಂತ ಒಪ್ಪುವ ಹೆಸರು ದೊರೆಯುವುದು ದುರ್ಲಭ.

ಹೆಣ್ಣು ತೊರೆಯ ಮೇಲೆ ಚಾಚಿದ ಕಡ್ಡಿಗೋ ಎಲೆಗೋ ಮೊಟ್ಟೆಗಳನ್ನು ಅಂಟಿಸಿ ಹೊರಟುಹೋಗುತ್ತದೆ. ಆಗ ಗಂಡು ತೊರೆಯ ತಳದಿಂದ ಮುಂಗಾಲುಗಳಲ್ಲಿ ಕೆಸರನ್ನು ಬಾಚಿ, ಹಿಂಗಾಲುಗಳ ಮೇಲೆ ನೆಟ್ಟಗೆ ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಮತ್ತೆ ಬಾಗಿ ಮತ್ತೆ ತರುತ್ತದೆ. ಬಬಲೇಶ್ವರದ ಕುಂಬಾರನಿಗೆ ತಿಗರಿಯಾದರೂ ಉಂಟು. ಇದಕ್ಕೆ ಎರಡು ಪುಟ್ಟ ಕೈಗಳಷ್ಟೆ! ಈ ಲೇಪವು ಮೊಟ್ಟೆಗಳನ್ನು ಒಣಗದಂತೆ, ಶತ್ರುಗಳ ಕಣ್ಣಿಗೆ ಬೀಳದಂತೆ ಕಾಯುವುದೆಂದು ವಿಜ್ಞಾನಿಗಳ ಊಹೆ. ಮೊಟ್ಟೆಯೊಡೆದ ಮರಿಗಳು ಅಲ್ಲಿಂದ ನೇರವಾಗಿ ನೀರಿಗೆ ಬೀಳುತ್ತವೆ.

ಘಟ್ಟದಲ್ಲಿ ಇಂಥ ಎಷ್ಟೋ ಜಡ್ಡಿಗಳು ಹಿಂದೆಯೇ ಗದ್ದೆಗಳೂ ಅಡಕೆಯ ತೋಟಗಳೂ ಆದವು. ಎರೆನೆಲದ ಕಪ್ಪೆ ಮಳೆಗಾಗಿ ತಿಂಗಳುಗಟ್ಟಲೆ ಕಾಯಬಲ್ಲದು. ಮರದ ನೆರಳು ಹೋಗಿ ತೊರೆ ಬತ್ತಿದರೆ ಕುಂಬಾರ ಕಪ್ಪೆಗೆ ಮೆತ್ತಲು ಕೆಸರಿಲ್ಲ. ಮರಿಗೆ ಬೀಳಲು ನೀರಿಲ್ಲ.