ಅವ್ವನ ಎರಡನೆಯ ದನಿ

ಭಾನುವಾರದ ಆರಾಧನೆಯಲ್ಲಿ ಪಕ್ಕದಲ್ಲಿ ನಿಂತವರೊಬ್ಬರು ಎಲ್ಲರೂ ಹಾಡುವ ಧಾಟಿಯನ್ನು ಬಿಟ್ಟು ಬೇರೆಯೇ ಸ್ವರದಲ್ಲಿ ಹಾಡುವುದನ್ನು ನೀವು ಕೇಳಿರಬಹುದು. ನನ್ನ ತಾಯಿಯವರು ಹಾಗೆ ಹಾಡುತ್ತಿದ್ದರು. ಮುಗದದ ನಿಲ್ದಾಣದಲ್ಲಿ ರೈಲು ಹತ್ತಿ ಧಾರವಾಡದ ದೇವಾಲಯಕ್ಕೆ ನಾವು ಹೋಗುತ್ತಿದ್ದ ದಿನಗಳವು. ಏಳೆಂಟು ವರ್ಷದ ನನಗೆ ಅವರ ಹಾಡು ತಪ್ಪೆಂದೇ ತೋರುತ್ತಿತ್ತು. ಸಭೆಯೆಲ್ಲ ಮೇಲೇರುವಾಗ ಅವರು ಇದ್ದಲ್ಲಿಯೇ ಇರುತ್ತಿದ್ದರು. ಸಭೆ ಒಂದು ಸ್ವರದ ಮೇಲೆ ನಿಂತಾಗ ಅವರು ಮೆಲ್ಲನೆ ಕೆಳಗಿಳಿಯುತ್ತಿದ್ದರು. ಒಮ್ಮೆ ಹಿಂದಿರುಗುವಾಗ ಕೇಳಿಯೇಬಿಟ್ಟೆ: "ಅವ್ವಾ, ನೀ ಯಾಕ ತಪ್ಪ ಹಾಡ್ತಿ?"

"ತಪ್ಪಲ್ಲೋ, ಅದು ಎರಡನೇ ದನಿ. ಒಂದನೇ ದನಿ ಹಾಡಾಕ ಮಂದಿ ಭಾಳ ಅದಾರ" ಎಂದು ನಕ್ಕರು.

ಆಮೇಲೆ ನಾನು ಏನನ್ನೂ ಕೇಳಲಿಲ್ಲ. ಅವರು ತೀರಿಕೊಂಡ ಬಳಿಕ ಅವರ ಗೀತೆಗಳ ಪುಸ್ತಕವನ್ನು ತೆರೆದು ನೋಡಿದೆ. ಅದರಲ್ಲಿ ಇದ್ದುದು ಸಾಹಿತ್ಯ ಮಾತ್ರ. ಸ್ವರಲಿಪಿ ಎಲ್ಲಿಯೂ ಇರಲಿಲ್ಲ. ನಲವತ್ತು ವರ್ಷ ಅವರು ಹಾಡಿದ ಆ ದನಿ ಅವರೊಡನೆಯೇ ಹೊರಟುಹೋಗಿತ್ತು. ಐವತ್ತು ದಾಟಿದ ಮೇಲೆ ನಾನು ಗಿಟಾರ್ ಕೈಗೆತ್ತಿಕೊಂಡದ್ದು ಅದನ್ನು ಹುಡುಕುವ ಆಸೆಯಿಂದ.

ಬಾಸೆಲ್ ಮಿಶನ್ನಿನ ಸೇವಕರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಜರ್ಮನ್ ನಾಡಿನ ಸ್ತುತಿಗೀತೆಗಳ ಧಾಟಿಗಳೂ, ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ದನಿಗಳಲ್ಲಿ ಹಾಡುವ ಪದ್ಧತಿಯೂ ಆ ಮಿಶನ್ನಿನಿಂದ ನಮ್ಮ ಸಭೆಗಳಿಗೆ ಬಂದವು. ಆದರೆ ನಾವು ಬೆಳೆದದ್ದು ಮಲ್ಲಿಕಾರ್ಜುನ ಮನಸೂರರ ನೆಲದಲ್ಲಿ. ಇಲ್ಲಿ ಸಂಗೀತವೆಂದರೆ ತಂಬೂರಿಯ ಶ್ರುತಿಯ ಮೇಲೆ ಏರಿಳಿಯುವ ಒಂದೇ ದನಿ. ಎರಡು ದನಿಗಳು ಬೇರೆ ಬೇರೆ ಸ್ವರಗಳನ್ನು ಹಿಡಿದು ಒಟ್ಟಿಗೆ ನಡೆಯುವುದು ನಮ್ಮ ಕಿವಿಗೆ ಸಹಜವಾಗಿ ಬರುವಂಥದ್ದಲ್ಲ.

ಗಿಟಾರ್ ಕಲಿಸಿದ ತರುಣರು ಮೊದಲ ದಿನವೇ ಹನ್ನೆರಡು ಅಂತರಗಳ ಪಟ್ಟಿಯೊಂದನ್ನು ಕೊಟ್ಟು ಬಾಯಿಪಾಠ ಮಾಡಿರೆಂದರು. ಅದು ನನ್ನಿಂದಾಗಲಿಲ್ಲ. ನಮ್ಮದು ಕುಂಬಾರರ ಊರು. ಗಡಿಗೆಯನ್ನು ಬೆರಳಿನಿಂದ ಬಡಿದು ಸಪ್ಪಳ ಕೇಳಿದ ಮೇಲೆಯೇ ನಾವು ಬೆಲೆ ಮಾತಾಡುತ್ತೇವೆ. ಹಾಗೆಯೇ ಒಂದೊಂದು ಅಂತರವನ್ನೂ ಮೀಟಿ ಕೇಳತೊಡಗಿದೆ. ಮೊದಲು ತಿಳಿದದ್ದು ವಾದ್ಯದ ಕಟ್ಟಿನೊಳಗೇ ಅಡಗಿದ್ದ ಸಂಗತಿ. ಗಿಟಾರಿನ ಆರು ತಂತಿಗಳಲ್ಲಿ ಪಕ್ಕಪಕ್ಕದವುಗಳ ನಡುವೆ ಇರುವುದು ಷಡ್ಜ ಮಧ್ಯಮಗಳ ಅಂತರ, ಅಂದರೆ ಐದು ಫ್ರೆಟ್. ಮೂರನೆಯ ಮತ್ತು ಎರಡನೆಯ ತಂತಿಗಳ ನಡುವೆ ಮಾತ್ರ ನಾಲ್ಕೇ ಫ್ರೆಟ್. ಅದು ಷಡ್ಜ ಗಾಂಧಾರಗಳ ಅಂತರ. ಮಧ್ಯಮವನ್ನು ತಲೆಕೆಳಗು ಮಾಡಿದರೆ ಪಂಚಮ: ಷಡ್ಜದಿಂದ ಪಂಚಮಕ್ಕೆ ಏಳು ಫ್ರೆಟ್, ಅಲ್ಲಿಂದ ಮೇಲಿನ ಷಡ್ಜಕ್ಕೆ ಐದು. ಭರತನ ನಾಟ್ಯಶಾಸ್ತ್ರ ಕೂಡ ಒಂಬತ್ತು ಅಥವಾ ಹದಿಮೂರು ಶ್ರುತಿಗಳ ಅಂತರದಲ್ಲಿರುವ ಈ ಸ್ವರಗಳನ್ನೇ ಸಂವಾದಿಗಳೆಂದು ಕರೆದಿದೆ. ಷಡ್ಜಕ್ಕೆ ಗಾಂಧಾರ ಸಂವಾದಿಯಲ್ಲ. ಅದು ಅನುವಾದಿ, ಹಿಂಬಾಲಿಸುವ ಸ್ವರ.

ಆದರೆ ಷಡ್ಜ ಪಂಚಮಗಳನ್ನಷ್ಟೇ ಕೂಡಿಸಿ ಮೀಟಿ ನೋಡಿ. ಗಟ್ಟಿಯಾದ, ತುಂಬು ನಾದವೇನೋ ಬರುತ್ತದೆ. ಅದರಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ಹೊಸದಾಗಿ ಸಾರಿಸಿದ ಖಾಲಿ ಮನೆಯಂತೆ. ಈಗ ಆರೂ ತಂತಿಗಳ ಮೇಲೆ ಇ ಮೇಜರ್ ಹಿಡಿಯಿರಿ. ತೋರುಬೆರಳು ಮೂರನೆಯ ತಂತಿಯ ಮೊದಲ ಫ್ರೆಟ್ಟಿನ ಮೇಲಿರುತ್ತದೆ, ಅದೇ ಗಾಂಧಾರ. ಉಳಿದ ಬೆರಳುಗಳನ್ನು ಕದಲಿಸದೆ ಅದೊಂದನ್ನು ಮಾತ್ರ ಎತ್ತಿ ಮತ್ತೆ ಮೀಟಿ. ಗಾಂಧಾರ ಕೋಮಲವಾಗಿ, ಇ ಮೈನರ್ ಆಗಿ, ಹಬ್ಬದ ಮನೆ ಸೂತಕದ ಮನೆಯಾಗುತ್ತದೆ. ಆರು ತಂತಿಗಳಲ್ಲಿ ಐದು ಇದ್ದಂತೆಯೇ ಇವೆ! ಗಿಟಾರಿನಲ್ಲಿ ಸ್ವರಮೇಳ ಕಲಿಯುವವರು ಯಾವ ಅಂತರವನ್ನು ಮೊದಲು ಕಿವಿಯಲ್ಲಿ ಕೂರಿಸಿಕೊಳ್ಳಬೇಕೆಂದು ನನ್ನನ್ನು ಕೇಳಿದರೆ, ಪಂಚಮ ಮಧ್ಯಮಗಳನ್ನು ಶ್ರುತಿ ಮಾಡುವಾಗ ಹೇಗೂ ಕಲಿಯುತ್ತೀರಿ, ಗಾಂಧಾರಗಳೆರಡರ ಜೊತೆ ವರ್ಷಗಟ್ಟಲೆ ಕುಳಿತಿರಿ ಎಂದೇ ಹೇಳುತ್ತೇನೆ.

ಒಂದು ತೊಡಕನ್ನು ಮುಚ್ಚಿಡಬಾರದು. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯ ಖರ್ಜದ ತಂತಿಯನ್ನು ಮೀಟಿದಾಗ ಯಾರೂ ನುಡಿಸದ ಗಾಂಧಾರವೊಂದು ತಾನಾಗಿಯೇ ಕೇಳಿಬರುತ್ತದೆ. ಗಿಟಾರಿನ ಗಾಂಧಾರ ಅದಲ್ಲ. ಒಂದು ಫ್ರೆಟ್ಟಿನ ಅಂತರವನ್ನು ನೂರು ಪಾಲು ಮಾಡಿದರೆ, ಅದಕ್ಕಿಂತ ಇದು ಸುಮಾರು 14 ಪಾಲು ಮೇಲಿರುತ್ತದೆ. ಪಂಚಮದ ವ್ಯತ್ಯಾಸವಾದರೋ ಬರಿಯ ಎರಡು ಪಾಲು. ಇಂಥ ಸರಿಸಮ ಪಾಲಿನ ಸ್ವರಗಳು ಹಾರ್ಮೋನಿಯಮ್ಮಿಗೂ ಇವೆ; ಅದನ್ನು ಆಕಾಶವಾಣಿ 1940ರಿಂದ 1971ರವರೆಗೆ ದೂರವಿಟ್ಟಿದ್ದಕ್ಕೆ ಇದೂ ಒಂದು ಕಾರಣ. ಧಾರವಾಡದ ಕಿವಿಯುಳ್ಳವರಿಗೆ ಗಿಟಾರಿನ ಗಾಂಧಾರ ತುಸು ಚುಚ್ಚಿದರೆ ದೋಷ ಅವರದಲ್ಲ. ಕಂಠಕ್ಕೆ ಫ್ರೆಟ್ ಇಲ್ಲ. ಹಾಡುವವರು ಆ ಸ್ವರವನ್ನು ಕೂದಲೆಳೆಯಷ್ಟು ಇಳಿಸಿಕೊಂಡು ಸರಿಮಾಡಿಕೊಳ್ಳಬಲ್ಲರು. ಅವ್ವ ಹಾಗೆ ಮಾಡುತ್ತಿದ್ದರೆಂದು ನನಗನಿಸುತ್ತದೆ.

ಇಷ್ಟು ತಿಳಿದ ಮೇಲೆ ಅವರ ದನಿಯನ್ನು ಕಟ್ಟಲು ಕುಳಿತೆ. ಧಾಟಿ ಗಾಂಧಾರದಲ್ಲಿದ್ದರೆ ಎರಡನೆಯ ದನಿ ಷಡ್ಜದಲ್ಲಿ, ಧಾಟಿ ಪಂಚಮಕ್ಕೇರಿದರೆ ಇದು ಗಾಂಧಾರದಲ್ಲಿ, ಹೀಗೆ ಒಂದು ಸ್ವರ ಬಿಟ್ಟು ಕೆಳಗೆ ನಡೆಸಿದರಾಯಿತೆಂದು ಭಾವಿಸಿದ್ದೆ. ಎರಡು ಸಾಲು ಚೆನ್ನಾಗಿಯೇ ಸಾಗಿತು. ಧಾಟಿ ಮೇಲಿನ ಷಡ್ಜಕ್ಕೆ ಬಂದು ನಿಂತಾಗ ನನ್ನ ಲೆಕ್ಕದ ಪ್ರಕಾರ ಎರಡನೆಯ ದನಿ ಧೈವತಕ್ಕೆ ಬಂತು. ಕೆಳಗೆ ಷಡ್ಜದ ಮೇಳ ನುಡಿಯುತ್ತಿರುವಾಗ ಆ ಧೈವತ ಕರೆಯದೆ ಬಂದ ನೆಂಟನಂತೆ ಕೇಳಿಸಿತು. ಅಲ್ಲಿ ಪಂಚಮಕ್ಕೆ ಇಳಿಯಬೇಕು, ಇಲ್ಲವೆ ಇನ್ನೂ ಕೆಳಗೆ ಗಾಂಧಾರಕ್ಕೆ. ಇವೆರಡರಲ್ಲಿ ಅವ್ವ ಯಾವುದನ್ನು ಹಿಡಿಯುತ್ತಿದ್ದರು? ಗಿಟಾರ್ ಎರಡನ್ನೂ ಒಪ್ಪುತ್ತದೆ. ನನ್ನ ನೆನಪು ಏನನ್ನೂ ಹೇಳುವುದಿಲ್ಲ. ನಾನು ಕಟ್ಟಿದ್ದು ಒಂದು ಎರಡನೆಯ ದನಿ. ಅವರದೇ ಎಂದು ಹೇಳುವ ಧೈರ್ಯ ನನಗಿಲ್ಲ.

ಒಂದು ಕಡೆ ಮಾತ್ರ ಸಂಶಯವಿಲ್ಲ. ನಮ್ಮಲ್ಲಿ ಗೀತೆಯ ಕೊನೆಗೆ ಆಮೆನ್ ಹಾಡುವ ರೂಢಿಯಿತ್ತು. ಅದರ ಎರಡು ಅಕ್ಷರಗಳಿಗೂ ಸಭೆ ಷಡ್ಜದಲ್ಲಿಯೇ ನಿಲ್ಲುತ್ತದೆ. ಎರಡನೆಯ ದನಿ ಕೆಳಗಿನ ಧೈವತದಿಂದ ಪಂಚಮಕ್ಕೆ ಇಳಿಯುತ್ತದೆ. ಇಯನ್ನು ಷಡ್ಜವೆಂದು ಹಿಡಿದು, ಎ ಮೇಜರ್‌ನಿಂದ ಇ ಮೇಜರ್‌ಗೆ ಬನ್ನಿ. ಮೊದಲ ತಂತಿ ಬೆರಳಿಲ್ಲದೆ ಎರಡು ಸಲವೂ ಒಂದೇ ಸ್ವರ ನುಡಿಯುತ್ತದೆ, ಅದೇ ಸಭೆ. ಮೂರನೆಯ ತಂತಿ ಎರಡನೆಯ ಫ್ರೆಟ್ಟಿನಿಂದ ಮೊದಲನೆಯದಕ್ಕೆ ಸರಿಯುತ್ತದೆ, ಅದು ಟೆನರ್. ಬಾಸ್ ಐದನೆಯ ತಂತಿಯಿಂದ ಆರನೆಯದಕ್ಕೆ ಇಳಿಯುತ್ತದೆ. ಎರಡನೆಯ ತಂತಿಯ ಮೇಲಿನ ಬೆರಳನ್ನು ಮೆಲ್ಲನೆ ಎತ್ತಿದರೆ ಸಾಕು, ಅವ್ವ ಇಳಿಯುತ್ತಿದ್ದ ಆ ಒಂದು ಮೆಟ್ಟಿಲು ಕೇಳಿಸುತ್ತದೆ. ಸಂಜೆಯ ರೈಲು ಅಳ್ನಾವರದ ಕಡೆಗೆ ಹೋದ ಮೇಲೆ ಊರು ನಿಶ್ಶಬ್ದವಾದಾಗ, ನಾನು ಬೇರೇನನ್ನೂ ನುಡಿಸದೆ ಅದಿಷ್ಟನ್ನೇ ನುಡಿಸುತ್ತೇನೆ.