ಆರು ಬಾಯಿ, ಒಂದು ಪೈಪು

ನಮ್ಮ ಪಕ್ಕದ ಮನೆಯ ಯಜಮಾನರ ಬಳಿ 1972ರ ಡಾಟ್ಸನ್ 240ಝಡ್ ಇದೆ. ನಾವಿರೋದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ 1975 ಮತ್ತು ಅದಕ್ಕಿಂತ ಹಳೇ ಮಾಡೆಲ್‌ಗಳಿಗೆ ಹೊಗೆ ತಪಾಸಣೆಯ ಕಾಟ ಇಲ್ಲ. 2.4 ಲೀಟರಿನ ಆರು ಸಿಲಿಂಡರ್ ಎಂಜಿನ್ನು. ಕಂಪನಿಯಿಂದ ಬಂದಿದ್ದ ಎರಡು ಹಿಟಾಚಿ ಕಾರ್ಬ್ಯುರೇಟರ್ ಕಿತ್ತು, ಮೂರು ವೆಬರ್ 40 ಡಿಸಿಒಇ ಕೂರಿಸಿದ್ದಾರೆ. ಒಂದೊಂದಕ್ಕೆ ಎರಡು ಬಾಯಿ, ಅಂದರೆ ಸಿಲಿಂಡರಿಗೊಂದು. ನೋಡೋಕೆ ಏನು ಚೆಂದ ಅಂತೀರಿ! ಆದರೆ ಆರೂ ಒಂದೇ ಸಮ ಉಸಿರಾಡಬೇಕು. ಫಜೀತಿ ಇರೋದೇ ಅಲ್ಲಿ.

ಅವರಿಗೆ ನನ್ನಿಂದ ಬೇಕಾಗಿದ್ದು ಕಿವಿ. ವಯಸ್ಸಾಯ್ತು, ಸಣ್ಣ ಸದ್ದುಗಳು ಈಗ ಕೇಳಿಸೋದಿಲ್ಲ. ರಬ್ಬರ್ ಪೈಪಿನ ಒಂದು ತುದಿ ಕಾರ್ಬ್ಯುರೇಟರ್ ಬಾಯಿಗೆ, ಇನ್ನೊಂದು ನನ್ನ ಕಿವಿಗೆ. ಗಾಳಿ ಎಳೆದುಕೊಳ್ಳುವ ಬುಸ್ ಅನ್ನೋ ಸದ್ದು ಎಲ್ಲಾ ಬಾಯಲ್ಲೂ ಒಂದೇ ಥರ ಬರೋ ತನಕ ಸ್ಕ್ರೂ ತಿರುಗಿಸಬೇಕು. ಗಾಳಿ ಅಳೆಯುವ ಮೀಟರೂ ಇದೆ. ಮುಳ್ಳು ಏನೇ ತೋರಿಸಲಿ, ಕೊನೆಗೆ 'ನಿನಗೇನು ಕೇಳಿಸ್ತು?' ಅಂತಲೇ ಕೇಳ್ತಾರೆ.

ಊರಲ್ಲಿ ಡೀಸೆಲ್ ಪಂಪ್‌ಸೆಟ್ ಓಡ್ತಿರುವಾಗ ಅಪ್ಪ ಊಟಕ್ಕೆ ಕೂತಲ್ಲಿಂದಲೇ 'ಬಾವೀಲಿ ನೀರು ಮುಗೀತು, ಹೋಗಿ ನಿಲ್ಸೋ' ಅಂತಿದ್ದರು. ಪಂಪು ಗಾಳಿ ಎಳೆದರೆ ಎಂಜಿನ್ ಸದ್ದು ಹಗುರಾಗುತ್ತೆ. ಈಗ ಫೋನಿನಲ್ಲಿ ಅಪ್ಪನಿಗೂ ಎಲ್ಲಾ ಮೂರು ಸಲ ಹೇಳಬೇಕು.

ಎಕ್ಸಾಸ್ಟಿಗೆ ಆಕ್ಸಿಜನ್ ಸೆನ್ಸರ್ ಹಾಕಿ ಗ್ರಾಫ್ ನೋಡೋಣ ಅಂದೆ. ಹಾಕಿದೆವು, ಸರಾಸರಿ ಚೆನ್ನಾಗೇ ಇತ್ತು. ಒಂದಕ್ಕೆ ಪೆಟ್ರೋಲ್ ಕಮ್ಮಿ, ಇನ್ನೊಂದಕ್ಕೆ ಜಾಸ್ತಿ ಆದರೂ ಆರರ ಹೊಗೆ ಸೇರಿಸಿ ಅಳೆದರೆ ಲೆಕ್ಕ ಸರಿಯಾಗೇ ಕಾಣುತ್ತೆ. ನಮ್ಮ ಆಫೀಸಿನ ಡ್ಯಾಶ್‌ಬೋರ್ಡುಗಳ ಕಥೆಯೂ ಇದೇ ಬಿಡಿ. ಇಲ್ಲಿ ಮಾತ್ರ, ಪೆಟ್ರೋಲ್ ಕಮ್ಮಿ ಬಿದ್ದ ಸಿಲಿಂಡರಿನ ಪಿಸ್ಟನ್ನೇ ಸುಟ್ಟುಹೋಗಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಐದನೆಯದು ಬೆಳ್ಳಗಿತ್ತು. ಪೈಪಿನಲ್ಲೂ ಅದರ ಸದ್ದು ಬೇರೆಯೇ.

ವೆಬರ್ ಟ್ಯೂನ್ ಮಾಡೋರು ಏನಾದರೂ ಮೊದಲು ಮೇನ್ ಜೆಟ್ ಬದಲಿಸ್ತಾರೆ. ಆದರೆ ಊರೊಳಗಿನ ಓಡಾಟವೆಲ್ಲ ಬಹುಪಾಲು ಐಡಲ್ ಜೆಟ್ಟಿನ ಮೇಲೆ. ನಿಧಾನಕ್ಕೆ ಆಕ್ಸಿಲರೇಟರ್ ಒತ್ತಿದಾಗ ಕಾರು ತಡವರಿಸಿದರೆ ಮೊದಲು ಅನುಮಾನಿಸಬೇಕಾದ್ದು ಅದನ್ನೇ. ಅದಕ್ಕೂ ಮುಂಚೆ ವಾಲ್ವ್ ಗ್ಯಾಪು, ಇಗ್ನಿಷನ್ ಟೈಮಿಂಗು ಸರಿ ಇರಬೇಕು. ಇಲ್ಲದಿದ್ದರೆ ಬೇರೆಯವರ ತಪ್ಪಿಗೆ ಕಾರ್ಬ್ಯುರೇಟರ್ ಬೈಸಿಕೊಳ್ಳುತ್ತೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮುಂದಿನ ತಿಂಗಳು ಕಾರು ಅವರ ಮಗಳ ಮನೆಗೆ ಹೋಗುತ್ತೆ. ವೆಬರ್ ತೆಗೆಸಿ ಫ್ಯುಯೆಲ್ ಇಂಜೆಕ್ಷನ್ ಹಾಕಿಸ್ತೀನಿ ಅಂತಿದ್ದಾಳೆ. ನನ್ನ ಕೇಳಿದರೆ ದಿನಾ ಓಡಿಸೋರಿಗೆ ಅದೇ ಸರಿ. ಯಜಮಾನರ ಎದುರು ಮಾತ್ರ ಹೇಳಿಲ್ಲ.

ಕಳೆದ ಶನಿವಾರ ಹೆದ್ದಾರಿಗೆ ತೆಗೆದರು. ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿ, ಕಣ್ಣು ರಸ್ತೆ ಮೇಲಿಟ್ಟೇ 'ಈಗ?' ಅಂದರು. 'ಒಂದೇ ಸಮ ಇದೆ' ಅಂದೆ. ಜೋರಾಗಿ ಮತ್ತೊಮ್ಮೆ ಹೇಳಬೇಕಾಯಿತು. ತಣ್ಣಗಿದ್ದಾಗ ಐದನೇ ಬಾಯಿ ಇನ್ನೂ ಸ್ವಲ್ಪ ಉಗುಳುತ್ತೆ. ಹೊಸ ಜೆಟ್ಟುಗಳು ಗುರುವಾರ ಬರ್ತವೆ.