ವಿದ್ಯೆಯ ನೆಂಟಸ್ತನ

ಹೊಸಬರ ಪರಿಚಯವಾದರೆ ನಮ್ಮ ಕಡೆ ಕೇಳುವ ಮೊದಲನೆಯ ಪ್ರಶ್ನೆ, ‘ಯಾವ ಊರಾಯಿತು?’ ಎಂದು, ಎರಡನೆಯದು, ‘ಏನು ಕೆಲಸ ಮಾಡಿಕೊಂಡಿದ್ದೀರಿ?’ ಎಂದು. ಇವೆರಡಕ್ಕೂ ಉತ್ತರ ಸಿಕ್ಕಿತೆಂದರೆ ಆ ಮನುಷ್ಯ ಪೂರ್ತಿ ಅರ್ಥವಾದನೆಂದೇ ಲೆಕ್ಕ. ಮೇಷ್ಟ್ರು ಎಂದರೆ ಪಾಠ ಹೇಳುವವನು, ಬಳೆಗಾರ ಎಂದರೆ ಬಳೆ ತೊಡಿಸುವವನು, ಅಲ್ಲಿಗೆ ಮುಗಿಯಿತು. ಒಂದು ಕಸುಬಿನೊಳಗೆ ಇನ್ನೆಷ್ಟು ಕಸುಬುಗಳು ಅಡಗಿ ಕೂತಿರುತ್ತವೆಂದು ವಿಚಾರಿಸುವ ವ್ಯವಧಾನ ಯಾರಿಗಿದೆ? ಆ ವ್ಯವಧಾನವನ್ನು ನಾನು ಕಂಡದ್ದು, ಆಶ್ಚರ್ಯವೆಂದರೆ, ಒಂದು ಆಟದಲ್ಲಿ.

ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಮೂವರು ಬಂದು ಸೇರುತ್ತಾರೆ. ಗೌರಿಬಿದನೂರಿನವನೊಬ್ಬ, ಚಿಂತಾಮಣಿಯವನೊಬ್ಬ, ಶಿಡ್ಲಘಟ್ಟದ ಹುಡುಗಿ ಒಬ್ಬಳು. ಇಲ್ಲಿಯ ಕಾಲೇಜಿನಲ್ಲಿ ಒಟ್ಟಿಗೆ ಓದುವವರು. ಅವರು ತಂದ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ್ದು. ಪಗಡೆಯಂತೆ ದಾಳವುಂಟು, ಆದರೆ ಹಾಸು ಬೇಕೇಬೇಕೆಂದಿಲ್ಲ. ಸೂತ್ರಧಾರನೊಬ್ಬ ಕಥೆ ಹೇಳುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ, ‘ನಾನೀಗ ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಆಗುವುದೋ ಇಲ್ಲವೋ ಎಂಬ ಸಂದೇಹ ಬಂದರೆ ಇಪ್ಪತ್ತು ಮುಖದ ದಾಳ ತೀರ್ಪು ಕೊಡುತ್ತದೆ. ಮೂವತ್ತು ವರ್ಷ ತರಗತಿಯಲ್ಲಿ ಹುಡುಗರ ಸಬೂಬು ಕೇಳಿದವನೆಂಬ ಯೋಗ್ಯತೆಯ ಮೇಲೆ ಸೂತ್ರಧಾರನ ಪಟ್ಟ ನನಗೆ ಬಂತು.

ಪ್ರತಿ ಪಾತ್ರಕ್ಕೂ ಒಂದು ಪೂರ್ವಾಶ್ರಮವಿರಬೇಕು. 2014ರ ಐದನೆಯ ಆವೃತ್ತಿಯಲ್ಲಿ ಸೈನಿಕ, ನಾವಿಕ, ಸನ್ಯಾಸಿ, ಹಳ್ಳಿಯ ವೀರ ಎಂದು ಒಂದು ಪಟ್ಟಿ; ಒಂದೊಂದು ಹಿನ್ನೆಲೆಗೂ ಒಂದು ಸಣ್ಣ ಸವಲತ್ತು. ನಾವಿಕನಿಗೆ ಹಡಗಿನಲ್ಲಿ ಪುಕ್ಕಟೆ ಪ್ರಯಾಣ. ಹಳ್ಳಿಯ ವೀರನಿಗೆ ಬಡವರ ಮನೆಗಳಲ್ಲಿ ಆಶ್ರಯ. 2024ರ ಪರಿಷ್ಕೃತ ಪುಸ್ತಕದಲ್ಲಿ ಇಂಥ ಸವಲತ್ತುಗಳನ್ನು ತೆಗೆದು ಬೇರೆ ಏರ್ಪಾಡು ಮಾಡಿದರು. ಸಮುದ್ರ ಕಾಣದ ನಮ್ಮ ಬಯಲುಸೀಮೆಯಲ್ಲಿ ಹಡಗಿನ ಸವಲತ್ತು ಇದ್ದರೇನು, ಹೋದರೇನು! ಆದರೆ 2013ರಲ್ಲಿ ಬಂದ ‘ಥರ್ಟೀನ್ತ್ ಏಜ್’ ಎಂಬ ಇನ್ನೊಂದು ಆಟದಲ್ಲಿ ಹಿನ್ನೆಲೆಯನ್ನು ಆಡುವವನೇ ತನ್ನ ಮಾತಿನಲ್ಲಿ ಬರೆದು, ಅದಕ್ಕೆ ಅಂಕ ಹಂಚಿಕೊಳ್ಳಬೇಕು. ಅದು ಯಾವ ಕೆಲಸಕ್ಕೆ ಒದಗುತ್ತದೆಂಬುದನ್ನು ಆಡುವಾಗ ವಾದಿಸಿ ಒಪ್ಪಿಸಬೇಕು. ನಾವು ಈ ಪದ್ಧತಿಯನ್ನು ಎರವಲು ತಂದೆವು.

ಗೌರಿಬಿದನೂರಿನವನು ನೀರಗಂಟಿಯಾದ. ಕೆರೆಯ ತೂಬೆತ್ತಿ ಗದ್ದೆಗೆ ನೀರು ಬಿಡುವವನಿಗೆ ಕಳ್ಳರ ಗುಹೆಯಲ್ಲಿ ಏನು ಕೆಲಸ? ಲೂಟಿ ಹಂಚಿಕೊಳ್ಳಲಾರದೆ ಎರಡು ಗುಂಪಿನವರು ಕತ್ತಿ ಹಿರಿದು ನಿಂತಾಗ ಅವನು, ‘ಮೇಷ್ಟ್ರೇ, ಬೇಸಗೇಲಿ ಮೊಣಕಾಲುದ್ದ ನೀರನ್ನ ನಲವತ್ತು ಜನಕ್ಕೆ ಹಂಚಿ, ತಲೆ ಒಡೆಸಿಕೊಳ್ಳದೆ ಮನೆಗೆ ಬಂದೋನು ನಾನು. ಈ ಪಂಚಾಯ್ತಿ ನನಗೆ ಬಿಡಿ’ ಎಂದ. ಬಿಟ್ಟೆ.

ಚಿಂತಾಮಣಿಯವನು ಬಳೆಗಾರ. ಅವರ ತಾಲ್ಲೂಕಿನ ಕೈವಾರದಲ್ಲಿ ಬಳೆ ಮಾರುತ್ತಿದ್ದ ನಾರಾಯಣಪ್ಪನವರೇ ಯೋಗಿಗಳಾಗಿ, ತೆಲುಗು ಕನ್ನಡಗಳೆರಡರಲ್ಲೂ ಪದ ಹಾಡಿ ಕೈವಾರ ತಾತಯ್ಯನವರಾದದ್ದು. ಆ ಕಸುಬಿನ ಮೇಲೆ ಅವನಿಗೆ ಅಭಿಮಾನ. ಅರಮನೆಯ ದಾಸಿ ಹೇಳುತ್ತಿರುವುದು ನಿಜವೋ ಸುಳ್ಳೋ ತಿಳಿಯಬೇಕಾಗಿತ್ತು. ‘ಕೈ ಹಿಡಿದು ಬಳೆ ತೊಡಿಸೋನಿಗೆ ಕೈ ನಡುಗಿದ್ದು ಗೊತ್ತಾಗಲ್ವೆ?’ ಎಂದ. ದಾಳ ಹಾಕಿಸಿದೆ, ಗೆದ್ದ. ಅದೇ ಉಬ್ಬಿನಲ್ಲಿ ಮುಂದಿನ ವಾರ, ಗಾಜು ಬಲ್ಲವನಿಗೆ ಬೀಗ ತೆಗೆಯುವುದೂ ಬರುತ್ತದೆ ಎಂದ. ‘ಅದು ಹೇಗಪ್ಪ?’ ಎಂದು ಕೇಳಿದೆ. ಹೇಗೆಂದು ಅವನಿಗೂ ತಿಳಿದಿರಲಿಲ್ಲ. ಬೀಗ ಹಾಕಿದ್ದು ಹಾಕಿದಂತೆಯೇ ಉಳಿಯಿತು.

ಹೀಗೆ ನಮ್ಮಲ್ಲಿ ಒಂದು ಕಟ್ಟಳೆ ತಾನಾಗಿ ಬೆಳೆಯಿತು. ದಿನನಿತ್ಯ ಮಾಡಿದ ಕೆಲಸ ಸ್ವಂತ ಮನೆ ಇದ್ದಂತೆ. ಅಲ್ಲಿ ಬಾಗಿಲು ತಟ್ಟಬೇಕಾಗಿಲ್ಲ, ದಾಳವೂ ಬೇಡ. ಅದರಿಂದ ಕಲಿತದ್ದನ್ನು ಬೇರೆಡೆ ಹೂಡುವುದು ನೆಂಟರ ಮನೆ; ಸಂಬಂಧ ಹೇಳಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು, ಅಂದರೆ ದಾಳ ಹಾಕಬೇಕು. ಸಂಬಂಧವನ್ನೇ ಹೇಳಲಾರದ ಮನೆಗೆ ನುಗ್ಗಬಾರದು. ಉದಾರವಾಗಿರುವುದೆಂದರೆ ಕೇಳಿದ್ದಕ್ಕೆಲ್ಲ ಹೂಂಗುಟ್ಟುವುದಲ್ಲ; ‘ಹೇಗೆ?’ ಎಂದು ಕೇಳಿ, ಉತ್ತರವನ್ನು ಕಿವಿಗೊಟ್ಟು ಕೇಳುವುದು.

ಯೋಚಿಸಿದರೆ ಇದು ನಮಗೆ ಹೊಸದೇನೂ ಅಲ್ಲ. ಪಾಂಡವರು ವಿರಾಟನಗರಿಗೆ ಕೆಲಸ ಕೇಳಿಕೊಂಡು ಹೋದದ್ದು ಹೀಗೆಯೇ ಅಲ್ಲವೆ? ಊಟಕ್ಕೆ ಹೆಸರಾದ ಭೀಮ ಅಡಿಗೆಯವನಾದ. ಜೂಜಿನಲ್ಲಿ ರಾಜ್ಯ ಕಳೆದ ಧರ್ಮರಾಯ, ಕಾಡಿನಲ್ಲಿ ಬೃಹದಶ್ವ ಮುನಿಯಿಂದ ದಾಳದ ಮರ್ಮ ಕಲಿತು, ಅದೇ ಬಲದಿಂದ ರಾಜನ ಪಕ್ಕದಲ್ಲಿ ಕೂತ. ದ್ರೌಪದಿ ಸೈರಂಧ್ರಿಯಾದಳು, ದಿನವೂ ಹೆರಳು ಹಾಕಿಸಿಕೊಂಡ ರಾಣಿಗೆ ಹೆರಳು ಹಾಕುವುದು ತಿಳಿಯದೆ? ಅಷ್ಟು ದೂರವೇಕೆ, ಇಲ್ಲೇ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಕಲಿತದ್ದು ಎಂಜಿನಿಯರಿಂಗ್. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ಮಾಡಿದರು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂದವು. ಹರಿದುಹೋಗುವುದನ್ನು ತಡೆದು, ಕೂಡಿಟ್ಟು, ಬೇಕಾದಲ್ಲಿಗೆ ಬಿಡಬಲ್ಲವರಿಗೆ ನೀರೇನು, ಹಣವೇನು!

ಇನ್ನು ಶಿಡ್ಲಘಟ್ಟದ ಹುಡುಗಿಯ ಮಾತು. ಅವಳು ಮೊದಲು ಬರೆದುಕೊಂಡದ್ದು ‘ರಾಜಕುಮಾರಿ’ ಎಂದು. ನಾಲ್ಕು ವಾರವಾದರೂ ರಾಜಕುಮಾರಿಗೆ ಮಾಡಲು ಏನೂ ತೋಚಲಿಲ್ಲ. ಐದನೆಯ ವಾರ ಅದನ್ನು ಹೊಡೆದುಹಾಕಿ, ‘ರೇಷ್ಮೆ ನೂಲು ಬಿಚ್ಚುವವಳು’ ಎಂದು ಬರೆದಳು. ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೆಸರಾದ ಆ ಊರಿನಲ್ಲಿ ಅವಳ ತಾಯಿ ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿದವರು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಅಂಟು ಸಡಿಲಿಸಬೇಕು. ಕಣ್ಣಿಗೆ ಕಂಡೂ ಕಾಣದ ಎಳೆಯ ತುದಿ ಹುಡುಕಬೇಕು. ಹಲವು ಗೂಡುಗಳ ಎಳೆ ಕೂಡಿಸಿ ಒಂದು ನೂಲು ಮಾಡಬೇಕು. ಒಂದೊಂದು ಗೂಡಿನಲ್ಲಿ ನೂರಾರು ಮೀಟರ್ ಎಳೆ. ದ್ವಿತಳಿಯದಾದರೆ ಸಾವಿರ ದಾಟುವುದೂ ಉಂಟು. ನಡುವೆ ಎಲ್ಲಿ ಕಡಿಯಿತೆಂದು ಕಂಡು, ಹೊಸ ಎಳೆ ಕೊಡುತ್ತಿರಬೇಕು.

ಕಥೆಯಲ್ಲಿ ಒಂದು ಕಳವು ನಡೆದು, ಏಳು ಜನ ಸಾಕ್ಷಿಗಳು ಏಳು ಬಗೆಯಾಗಿ ಹೇಳಿ ಎಲ್ಲವೂ ಗೋಜಲಾಗಿತ್ತು. ಹುಡುಗಿ ಹೇಳಿದಳು: ‘ತುದಿ ಸಿಗೋವರೆಗೂ ಎಳೀಬಾರದು ಮೇಷ್ಟ್ರೇ, ಎಳೆದರೆ ಸಿಕ್ಕಾಗುತ್ತೆ. ಒಬ್ಬೊಬ್ಬರನ್ನೇ ಬೆಚ್ಚಗೆ ಕೂರಿಸಿ ಮಾತಾಡಿಸ್ತೀನಿ. ಎಲ್ಲಿ ಮಾತು ಕಡಿಯುತ್ತೋ ಅಲ್ಲಿ ನೋಡ್ತೀನಿ.’ ನೆಂಟರ ಮನೆಯೆಂದು ದಾಳ ಕೊಟ್ಟೆ. ಹದಿನೇಳು ಬಿತ್ತು. ಕಳ್ಳ ಸಿಕ್ಕಿದ.

ಹೊರಡುವಾಗ ಚಪ್ಪಲಿ ಮೆಟ್ಟುತ್ತ ಅವಳು, ‘ಇದೆಲ್ಲ ಇಲ್ಲಿ ನಡೆಯುತ್ತೆ’ ಎಂದಳು. ತಾಯಿ ದುಡಿಯುತ್ತಿದ್ದ ಘಟಕ ಮುಚ್ಚಿತ್ತು. ಒಂದು ಕಡೆ ಮಾಲಿನ ತಪ್ಪು ಹುಡುಕುವ ಕೆಲಸಕ್ಕೆ ಅರ್ಜಿ ಕೊಡಲು ಹೋದರೆ, ‘ಅನುಭವ’ ಎಂಬಲ್ಲಿ ಅಲ್ಲಿಯವರೇ ಒಂದು ಗೀಟು ಎಳೆದು ಕಳಿಸಿದ್ದರು. ಇಪ್ಪತ್ತೆರಡು ವರ್ಷ ಒಂದು ಗೀಟಾಯಿತು. ‘ಹೇಗೆ?’ ಎಂದು ಯಾರೂ ಕೇಳಲಿಲ್ಲ.

ಮುಂದಿನ ಭಾನುವಾರ ಆಟ ನಡೆಯಲಿಲ್ಲ. ಪಾತ್ರ ಬರೆಯುವ ಹಾಳೆಯೊಂದನ್ನು ಇಟ್ಟುಕೊಂಡು ನಾಲ್ವರೂ ಕೂತೆವು. ಸ್ವಂತ ಮನೆ: ಗೂಡಿನ ಗುಣ ನೋಡುವುದು, ನೂಲು ಬಿಚ್ಚುವುದು. ನೆಂಟರ ಮನೆ: ಓಡುತ್ತಿರುವ ಯಂತ್ರದ ಮುಂದೆ ತಪ್ಪು ಕಂಡುಹಿಡಿಯುವುದು, ಹೊಸಬರಿಗೆ ಕೆಲಸ ಕಲಿಸುವುದು, ತೂಕದ ಲೆಕ್ಕ ಇಡುವುದು. ಚಿಂತಾಮಣಿಯವನು, ‘ಕಂಪ್ಯೂಟರೂ ಬರುತ್ತೆ ಅಂತ ಸೇರಿಸೋಣ’ ಎಂದ. ಹುಡುಗಿ, ‘ಅದು ಬರಲ್ಲ, ಬೇಡ’ ಎಂದು ಪೆನ್ನು ಕಿತ್ತುಕೊಂಡಳು. ಇದ್ದದ್ದನ್ನು ಪೂರ್ತಿ ಹೇಳಿಕೊಳ್ಳುವವರಿಗೆ ಇಲ್ಲದ್ದು ಬೇಕಾಗುವುದಿಲ್ಲ.

ಹಾಳೆಯನ್ನು ಮನೆಗೆ ಕೊಂಡೊಯ್ದು ತಾಯಿಗೆ ಓದಿ ಹೇಳಿದಳಂತೆ. ಅವರು ಕೊನೆಯವರೆಗೂ ಕೇಳಿ, ‘ಕಿವಿ ಹತ್ತಿರ ಗೂಡು ಅಲ್ಲಾಡಿಸಿ ಒಳಗೆ ಹುಳು ಹೇಗಿದೆ ಅಂತ ಹೇಳ್ತೀನಲ್ಲ, ಅದು ಬಿಟ್ಟುಬಿಟ್ಟಿದೀರಿ’ ಎಂದರಂತೆ. ಆಮೇಲೆ ಇನ್ನೊಂದು, ಮತ್ತೊಂದು. ನಾವು ನಾಲ್ವರು ಸೇರಿ ಬರೆದದ್ದು ಅರ್ಧ ಹಾಳೆ. ಅವರು ಹೇಳಿ ಬರೆಸಿದ್ದು ಹಿಂಬದಿಯನ್ನೂ ತುಂಬಿತು. ಬೇರೊಂದು ಕಡೆಗೆ ಅದನ್ನೇ ಲಗತ್ತಿಸಿ ಅರ್ಜಿ ಹಾಕಿದ್ದಾರೆ. ಉತ್ತರ ಇನ್ನೂ ಬರಬೇಕು.